ಎತ್ತಿನ ಹಲ್ಲು, ಮೋಟಾರಿನ ಕಾಗದ

ಬೇರೊಬ್ಬರು ಬಳಸಿದ್ದನ್ನು ಬೆಲೆಕೊಟ್ಟು ಕೊಳ್ಳುವ ವಿದ್ಯೆ ನಮ್ಮ ನಾಡಿಗೆ ಮೋಟಾರಿನೊಡನೆ ಬಂದುದಲ್ಲ. ಅಥಣಿ ತಾಲೂಕಿನ ತೆಲಸಂಗದಂಥ ಊರಿನಲ್ಲಿ ಅದು ಮೋಟಾರಿಗಿಂತ ಬಹಳ ಹಿರಿಯದು. ಕೃಷ್ಣೆಯ ತಂಪು ದಕ್ಕಿದ್ದು ತಾಲೂಕಿನ ಹೊಳೆಸಾಲಿನ ಹಳ್ಳಿಗಳಿಗೆ. ತೆಲಸಂಗವಾದರೋ ವಿಜಯಪುರದ ಕಡೆಗೆ ಮುಖಮಾಡಿ, ಬಹುಕಾಲ ಮಳೆಯನ್ನೇ ನಂಬಿ ಬಾಳಿದ ಒಣಸೀಮೆ. ಮೀರಜಿನಿಂದ ಬೆಳಗಾವಿಗೆ ಹೋಗುವ ರೈಲು ಪಶ್ಚಿಮದಲ್ಲಿ ಕುಡಚಿ, ರಾಯಬಾಗಗಳ ಮೇಲೆ ಹಾದುಹೋಗುತ್ತದೆ. ಈ ಭಾಗದವರಿಗೆ ರಸ್ತೆಯೇ ಗತಿ. ಆಸ್ಪತ್ರೆಗಾಗಲಿ, ಮದುವೆಗಾಗಲಿ, ಪೇಟೆಗಾಗಲಿ ಹೊರಟವನು ನಡುದಾರಿಯಲ್ಲಿ ನಿಲ್ಲಬಾರದು. ಆದುದರಿಂದ ಇಲ್ಲಿ ಗಾಡಿಯನ್ನು ಆರಿಸುವುದೆಂದರೆ ಶೋಕಿಯ ಮಾತಲ್ಲ. ಹಲವು ವರ್ಷಗಳ ಉಳಿತಾಯವನ್ನು ಒಂದು ನಂಬಿಕೆಯ ಮೇಲೆ ಇಡುವ ಮಾತು.

ಆ ನಂಬಿಕೆ ಮೊದಲು ಎಲ್ಲಿ ನೆಲೆಸಿತ್ತು? ಎತ್ತಿನ ಮೈಯಲ್ಲಿ. ಸಂಕ್ರಾಂತಿಯ ಕಾಲಕ್ಕೆ ವಿಜಯಪುರದಲ್ಲಿ ನಡೆಯುವ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಯಲ್ಲಿ ಖಿಲಾರಿ ಎತ್ತನ್ನು ಕೊಳ್ಳಬಂದ ಒಕ್ಕಲಿಗನು ಮೊದಲು ಅದರ ಬಾಯಿ ತೆರೆಸುತ್ತಾನೆ. ದನಕ್ಕೆ ಮುಂಭಾಗದ ಹಲ್ಲು ಕೆಳದವಡೆಯಲ್ಲಿ ಮಾತ್ರ, ಒಟ್ಟು ಎಂಟು. ಹಾಲುಹಲ್ಲು ಬಿದ್ದು ಎರಡು, ನಾಲ್ಕು, ಆರು ಎಂದು ಜೋಡಿ ಜೋಡಿಯಾಗಿ ಹೊಸ ಹಲ್ಲು ಬರುತ್ತವೆ. ಎಂಟೂ ಬಂದಾಗ ಬಾಯಿಗೂಡಿತು ಎನ್ನುತ್ತಾರೆ. ಎರಡು ಹಲ್ಲಿನ ಹೋರಿಗೆ ಇನ್ನೂ ದುಡಿಮೆಯ ಆಯುಷ್ಯವೆಲ್ಲ ಮುಂದಿದೆ. ಬಾಯಿಗೂಡಿ ಹಲ್ಲು ಸವೆದ ಎತ್ತಿಗೆ ಅದು ಮುಗಿಯುತ್ತ ಬಂದಿದೆ. ಆಮೇಲೆ ಗೊರಸು, ಹೆಗಲು, ಸುಳಿ; ಕೊನೆಗೆ ನಾಲ್ಕು ಹೆಜ್ಜೆ ನಡೆಸಿ ನೋಡುವುದು. ವ್ಯಾಪಾರಿ ಕೊಂಬಿಗೆ ಬಣ್ಣ ಹಚ್ಚಬಹುದು, ಕೊರಳಿಗೆ ಗೆಜ್ಜೆ ಕಟ್ಟಬಹುದು. ಹಲ್ಲನ್ನು ಮಾತ್ರ ಹೊಸದಾಗಿ ಬೆಳೆಸಲಾರ. ಬೆಲೆಯ ಮಾತು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಗುಟ್ಟಾಗಿ ನಡೆದರೂ, ಎತ್ತಿನ ವಯಸ್ಸು ಎಲ್ಲರ ಕಣ್ಣೆದುರಿಗೇ ಇತ್ತು.

ಬಂದುದು ಮೋಟಾರು. ಅದಕ್ಕೆ ಹಲ್ಲಿಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1928ರಲ್ಲಿ ಮುಂಬಯಿಯಲ್ಲಿ ಕಾರು ಜೋಡಿಸುವ ಕಾರ್ಖಾನೆ ತೆರೆಯಿತು. ಸ್ವಾತಂತ್ರ್ಯ ಬಂದ ಮೇಲೆ, ಬಿಡಿಭಾಗಗಳನ್ನು ತರಿಸಿ ಇಲ್ಲಿ ಜೋಡಿಸುವುದಷ್ಟೇ ಸಾಲದು, ಇಲ್ಲಿಯೇ ತಯಾರಿಸಬೇಕು ಎಂಬ ನೀತಿಯನ್ನು ಸರಕಾರ 1953ರಲ್ಲಿ ಗಟ್ಟಿಮಾಡಿತು. ಮರುವರ್ಷ ಆ ಕಾರ್ಖಾನೆ ಮುಚ್ಚಿತು. ಕಾರಿನ ಪೇಟೆಯಲ್ಲಿ ಮುಖ್ಯವಾಗಿ ಉಳಿದವು ಮೂರು: ಕಲಕತ್ತೆಯ ಬಳಿಯ ಉತ್ತರಪಾಡಾದ ಹಿಂದುಸ್ತಾನ್, ಮುಂಬಯಿಯ ಕುರ್ಲಾದ ಪ್ರೀಮಿಯರ್, ಮದರಾಸಿನ ಸ್ಟ್ಯಾಂಡರ್ಡ್. ಅಂಬಾಸಿಡರ್, ಫಿಯಟ್, ಹೆರಾಲ್ಡ್ ಎಂಬ ಹೆಸರುಗಳು ಮನೆಮಾತಾದುದು ಹೀಗೆ.

ತಯಾರಾಗುವ ಗಾಡಿ ಕೆಲವು, ಬೇಕೆನ್ನುವವರು ಹಲವರು. ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಹೊಸ ಗಾಡಿಯ ಬೆಲೆಗೆ ಸರಕಾರದ ಕಡಿವಾಣವಿತ್ತು, ಹಳೆಯದಕ್ಕೆ ಇರಲಿಲ್ಲ. ಇದರಿಂದ ಒಂದು ವಿಚಿತ್ರ ಹುಟ್ಟಿತು. ಒಬ್ಬರು ಓಡಿಸಿದ ಫಿಯಟ್ ಕೆಲವೊಮ್ಮೆ ಹೊಸ ಫಿಯಟ್ಟಿಗಿಂತ ತುಟ್ಟಿಯಾಯಿತು! ಅಂಥ ಕಾಲದಲ್ಲಿ ಆರಿಸುವ ಮಾತೆಲ್ಲಿ? ಸಿಕ್ಕಿದ್ದೇ ಸೀರುಂಡೆ. ಗಾಡಿ ನಂಬಿಗಸ್ತವೇ ಎಂದು ಕೇಳುವ ಬದಲು, ಕೆಟ್ಟರೆ ದುರಸ್ತಿಮಾಡುವ ಮಿಸ್ತ್ರಿ ಇದ್ದಾನೆಯೇ ಎಂದು ಕೇಳುವುದು ರೂಢಿಯಾಯಿತು. ನಂಬಿಕೆ ಎತ್ತಿನ ಮೈಯಿಂದ ಮಿಸ್ತ್ರಿಯ ಕೈಗೆ ಬಂದಿತು. ಮೂರೇ ಬಗೆಯ ಗಾಡಿಗಳಾದುದರಿಂದ ಸಣ್ಣ ಊರಿನ ಮಿಸ್ತ್ರಿಯೂ ಅವುಗಳ ನಾಡಿ ಬಲ್ಲವನಾದ. ಬಿಡಿಭಾಗ ಸಿಗದಿದ್ದರೆ ತಾನೇ ಬಡಿದು ಕೂಡಿಸಿದ.

ಇದೇ ಸಮಯಕ್ಕೆ ಅಮೆರಿಕದ ತರುಣ ಅರ್ಥಶಾಸ್ತ್ರಿ ಜಾರ್ಜ್ ಅಕೆರ್ಲಾಫ್ ಹಳೆಯ ಕಾರುಗಳ ಪೇಟೆಯನ್ನು ಕುರಿತು ಒಂದು ಪ್ರಬಂಧ ಸಿದ್ಧಪಡಿಸಿದ್ದರು. 1967-68ರಲ್ಲಿ ಅವರು ದಿಲ್ಲಿಯಲ್ಲಿಯೂ ಇದ್ದರು. ಮೂರು ಪತ್ರಿಕೆಗಳು ಬೇಡವೆಂದ ಆ ಪ್ರಬಂಧ 1970ರಲ್ಲಿ ಅಚ್ಚಾಯಿತು. 2001ರಲ್ಲಿ ಅವರು ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕ ಪಡೆದರು. ಅವರ ವಾದ ಸರಳ. ಗಾಡಿಯ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದುದರಿಂದ ಕೊಳ್ಳುವವನು ಎಲ್ಲಕ್ಕೂ ಅಳುಕಿ ಕಡಿಮೆ ಬೆಲೆ ಕೇಳುತ್ತಾನೆ. ಒಳ್ಳೆಯ ಗಾಡಿಯುಳ್ಳವನು ಆ ಬೆಲೆಗೆ ಮಾರಲು ಮನಸ್ಸಿಲ್ಲದೆ ಹಿಂದೆ ಸರಿಯುತ್ತಾನೆ. ಪೇಟೆಯಲ್ಲಿ ಕೆಟ್ಟದ್ದೇ ಉಳಿಯುತ್ತದೆ. ಅಕ್ಕಿಯಲ್ಲಿ ಬೇಕೆಂದೇ ಬೆರೆಸಿದ ಕಲ್ಲನ್ನು ಗೃಹಿಣಿ ಆರಿಸಬೇಕಾಗುವ ಬಜಾರಿನ ಉದಾಹರಣೆಯನ್ನೂ ಅವರು ಕೊಟ್ಟಿದ್ದಾರೆ. ನಮ್ಮ ತಾಯಂದಿರು ಮೊರ ಹಿಡಿದು ದಿನವೂ ಮಾಡುತ್ತಿದ್ದ ಕೆಲಸ ಅರ್ಥಶಾಸ್ತ್ರದಲ್ಲಿ ಹೀಗೆ ಸ್ಥಾನ ಪಡೆಯಿತು.

ಆದರೆ ಅಭಾವವಿದ್ದಷ್ಟು ಕಾಲ ಈ ಸೂತ್ರದ ಬಿಸಿ ನಮಗೆ ಪೂರ್ತಿ ತಟ್ಟಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. 1993ರಲ್ಲಿ ಕಾರು ತಯಾರಿಕೆಗೆ ಪರವಾನಗಿಯ ಕಟ್ಟು ತಪ್ಪಿತು. ಗಾಡಿಗಳು ಹೆಚ್ಚಿದವು, ಹಳೆಯದರ ಬೆಲೆ ಇಳಿಯಿತು, ಸಾಧಾರಣ ಸಂಸಾರಕ್ಕೂ ಕಾರಿನ ಆಸೆ ಕೈಗೆಟುಕಿತು. ಅಂಬಾಸಿಡರ್ ಮತ್ತು ಮಾರುತಿ 800 ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು. ಈಗ ಹಳೆಯ ಗಾಡಿಗೆ ಕೊರತೆಯಿಲ್ಲ, ಅದರ ನಿಜಸ್ಥಿತಿಗೆ ಕೊರತೆ. ಓಡಿದ ಮೈಲಿಯ ಅಂಕಿಯನ್ನು ಹಿಂದಕ್ಕೆ ತಿರುಗಿಸಬಹುದು. ಅಪಘಾತದ ಗಾಯವನ್ನು ಬಣ್ಣದಿಂದ ಮುಚ್ಚಬಹುದು. ಬೆಳ್ಳಗಿರುವುದೆಲ್ಲ ಹಾಲಲ್ಲ. ಕೊಳ್ಳುವವನೇ ಎಚ್ಚರದಿಂದಿರಬೇಕೆಂಬ ತತ್ತ್ವ 1930ರ ಸರಕು ಮಾರಾಟ ಕಾಯಿದೆಯಿಂದಲೂ ನಮ್ಮಲ್ಲಿದೆ.

ಇಲ್ಲಿ ನಂಬಿಕೆಯ ಮೂರನೆಯ ನೆಲೆ ತೋರುತ್ತದೆ: ಕಾಗದ. ತೆಲಸಂಗದವರಿಗೆ ಇದು ಇಮ್ಮಡಿ ಮುಖ್ಯ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರಿಗೆ ಸೇರಿತು. ಗಡಿಗೆರೆ ಬಿದ್ದರೂ ಪೇಟೆಯ ನಂಟು ಕಡಿಯಲಿಲ್ಲ; ಮೀರಜ, ಸಾಂಗಲಿ, ಜತ್ತಗಳಿಗೆ ಹೋಗಿಬರುವುದು ನಡೆದೇ ಇದೆ. ಅಲ್ಲಿಂದ ಅಗ್ಗಕ್ಕೆ ತಂದ ಕಾರಿಗೆ ಸಾಂಗಲಿಯ ಎಂ.ಎಚ್. 10 ಎಂಬ ಗುರುತಿರುತ್ತದೆ. 1988ರ ಮೋಟಾರು ವಾಹನ ಕಾಯಿದೆಯಂತೆ, ಹನ್ನೆರಡು ತಿಂಗಳಿಗೆ ಮೀರಿ ಬೇರೆ ರಾಜ್ಯದಲ್ಲಿ ಇಟ್ಟ ಗಾಡಿಗೆ ಅಲ್ಲಿನ ನೋಂದಣಿ ಬೇಕು. ಅದಕ್ಕೆ ಮೂಲ ಕಚೇರಿಯ ನಿರಾಕ್ಷೇಪಣ ಪತ್ರ ಬೇಕು. ನಮ್ಮ ರಾಜ್ಯದ ತೆರಿಗೆಯನ್ನೂ ಕಟ್ಟಬೇಕು. ಗಡಿಯಾಚೆ ಅಗ್ಗವೆಂದು ಕೊಂಡದ್ದು ಗಡಿ ದಾಟಿದ ಮೇಲೆ ತುಟ್ಟಿಯಾಗುವುದುಂಟು. ಮಾರಿದವನೂ ಸುಮ್ಮನಿರುವಂತಿಲ್ಲ. ಪುಸ್ತಕದಲ್ಲಿ ಯಾರ ಹೆಸರಿದೆಯೋ, ಅಪಘಾತದ ಪರಿಹಾರಕ್ಕೆ ಅವನೇ ಮಾಲಕನೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿದೆ.

ಇನ್ನೊಂದು ಎಚ್ಚರಿಕೆ ನದಿಯದು. 2005, 2019, 2021ರಲ್ಲಿ ಕೃಷ್ಣಾ ಕೊಳ್ಳದಲ್ಲಿ ದೊಡ್ಡ ನೆರೆ ಬಂದಿತು; ಸಾಂಗಲಿ, ಕೊಲ್ಹಾಪುರಗಳ ಬೀದಿಗಳಲ್ಲಿ ನೀರು ನಿಂತಿತು. ನೀರುಂಡ ಗಾಡಿ ತೊಳೆದಮೇಲೆ ಹೊಳೆಯುತ್ತದೆ; ಕೆಲವು ತಿಂಗಳಲ್ಲಿ ಅದರ ತಂತಿಗಳು ಕಿಲುಬುತ್ತವೆ. ಸೀಟಿನ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೆಸರಿನ ಗೆರೆ ಇದೆಯೇ ನೋಡಬೇಕು. ಕಾಲ್ಹಾಸಿನ ಕೆಳಗೆ ಮೂಸಿ ನೋಡಬೇಕು. ಬರದ ಸೀಮೆಯವನು ನೆರೆಯ ಪಾಲು ಹಂಚಿಕೊಳ್ಳಬೇಕಾಗಿಲ್ಲ.

ಹಾಗಾದರೆ ಬಡ ಜೇಬಿನವನು ಏನು ಮಾಡಬೇಕು? ಮೂರು ಕಾಲದ ವಿದ್ಯೆಯನ್ನೂ ಕೂಡಿಸಬೇಕು. ಎತ್ತು ನೋಡಿದಂತೆ ಮೈ ನೋಡಬೇಕು: ಇಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಬೇಕು, ನೀಲಿ ಹೊಗೆ ಬಂದರೆ ಅದು ಎಣ್ಣೆ ಕುಡಿಯುತ್ತಿದೆಯೆಂದು ತಿಳಿಯಬೇಕು, ಟಾಯರು ಒಂದೇ ಬದಿಗೆ ಸವೆದಿದ್ದರೆ ಕಾರಣ ಕೇಳಬೇಕು. ಚಾಸಿ ಮತ್ತು ಇಂಜಿನ್ನಿನ ಸಂಖ್ಯೆಗಳು ಪುಸ್ತಕದೊಡನೆ ಹೊಂದಬೇಕು, ಸಾಲ ತೀರಿರಬೇಕು, ವಿಮೆ ಜೀವಂತವಿರಬೇಕು. 15 ವರ್ಷಕ್ಕೆ ನೋಂದಣಿ ಮುಗಿಯುವುದರಿಂದ ಉಳಿದ ವರ್ಷಗಳನ್ನು ಎಣಿಸಬೇಕು. ಕೈಯಲ್ಲಿ 2 ಲಕ್ಷವಿದ್ದರೆ 2 ಲಕ್ಷದ ಗಾಡಿ ಹುಡುಕಬಾರದು. ವರ್ಗಾವಣೆ, ಟಾಯರು, ಬ್ಯಾಟರಿಗಳಿಗೆಂದು ಒಂದು ಪಾಲು ಬದಿಗಿಡಬೇಕು. ಹಾಸಿಗೆಯಿದ್ದಷ್ಟು ಕಾಲು ಚಾಚುವುದೆಂದರೆ ಇದೇ.

ಎಲ್ಲಕ್ಕಿಂತ ಮೇಲಾಗಿ, ಕೊಳ್ಳುವ ಮೊದಲು ತನ್ನೂರ ಮಿಸ್ತ್ರಿಯನ್ನು ಕೂರಿಸಿಕೊಂಡು ಹೋಗಬೇಕು. ಅವನು ಬಲ್ಲ ಗಾಡಿ, ಅಥಣಿಯಲ್ಲಿ ಬಿಡಿಭಾಗ ಸಿಗುವ ಗಾಡಿ, ನಾಲ್ಕು ವರ್ಷ ಹಳೆಯದಾದರೂ ಲೇಸು. ದುರಸ್ತಿಗೆ ಬೆಳಗಾವಿಯವರೆಗೆ ಎಳೆದೊಯ್ಯಬೇಕಾದ ಥಳುಕಿನ ಗಾಡಿ ಬೇಡ. ಹಳೆಯ ಗಾಡಿ ಎಂದಾದರೊಂದು ದಿನ ಕೆಟ್ಟೇ ಕೆಡುತ್ತದೆ. ಕೆಟ್ಟ ದಿನವೇ ಸರಿಯಾಗಿ, ಸಂಜೆಗೆ ಮನೆ ಮುಟ್ಟಿಸುವ ಗಾಡಿಯನ್ನೇ ನಂಬಿಗಸ್ತ ಗಾಡಿ ಎನ್ನಬೇಕು.