ಹರಿದದ್ದು ಬರೀ ಅಂಗಿಯಲ್ಲ

ವಿಶ್ವಾಸಮತದ ಸುದ್ದಿ ಬಂದಾಗಲೆಲ್ಲ ನ್ಯೂಸ್‌ರೂಮಿನಲ್ಲಿ ಯಾರಾದರೂ ಒಂದು ಹಳೇ ದೃಶ್ಯ ಹುಡುಕುತ್ತಾರೆ. 2010ರ ಅಕ್ಟೋಬರ್ 11. ವಿಧಾನಸಭೆಯೊಳಗೆ ಹೊಸದುರ್ಗದ ಶಾಸಕ ಗೂಳಿಹಟ್ಟಿ ಶೇಖರ್ ಅಂಗಿ ಹರಿದುಕೊಂಡು ನಿಂತಿದ್ದಾರೆ. ನಾವೂ ಅದನ್ನು ಎಷ್ಟೋ ಸಲ ತೋರಿಸಿದ್ದೇವೆ, ಜನರೂ ನೋಡಿ ನಕ್ಕಿದ್ದಾರೆ. ಆದರೆ ಆ ಅಂಗಿಯ ಹಿಂದೆ ಒಂದು ಲೆಕ್ಕ ಇದೆ. ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಲೆಕ್ಕದಿಂದಲೇ ಶುರು ಮಾಡ್ತೀನಿ.

2008ರ ಚುನಾವಣೆ. ಒಟ್ಟು 224 ಸೀಟು, ಬಹುಮತಕ್ಕೆ 113. ಬಿಜೆಪಿ ಗೆದ್ದದ್ದು 110. ಮೂರು ಕಡಿಮೆ! ಆ ಸಲ ಗೆದ್ದಿದ್ದ ಆರು ಪಕ್ಷೇತರರಲ್ಲಿ ಐವರು ಯಡಿಯೂರಪ್ಪನವರ ಕೈಹಿಡಿದರು: ಗೂಳಿಹಟ್ಟಿ ಶೇಖರ್, ಹಿರಿಯೂರಿನ ಡಿ. ಸುಧಾಕರ್, ಪಾವಗಡದ ವೆಂಕಟರಮಣಪ್ಪ, ಕನಕಗಿರಿಯ ಶಿವರಾಜ ತಂಗಡಗಿ, ಮಳವಳ್ಳಿಯ ನರೇಂದ್ರಸ್ವಾಮಿ. ಐವರೂ ಮಂತ್ರಿಗಳಾದರು. ಶೇಖರ್‌ಗೆ ಸಿಕ್ಕಿದ್ದು ಯುವಜನ ಸೇವೆ ಮತ್ತು ಕ್ರೀಡೆ.

ಎರಡು ವರ್ಷ ಕಳೆದ ಮೇಲೆ ಈ ಐವರು, ಬಿಜೆಪಿಯ 11 ಶಾಸಕರ ಜೊತೆ ಸೇರಿ ಬೆಂಬಲ ವಾಪಸ್ ಪಡೆದರು. ವಿಶ್ವಾಸಮತಕ್ಕೆ ಮುಂಚೆಯೇ ಸ್ಪೀಕರ್ ಕೆ.ಜಿ. ಬೋಪಯ್ಯ ಹದಿನಾರೂ ಜನರನ್ನು ಅನರ್ಹಗೊಳಿಸಿದರು. ಅಕ್ಟೋಬರ್ 14ರ ಎರಡನೇ ವಿಶ್ವಾಸಮತದಲ್ಲಿ ಸರ್ಕಾರಕ್ಕೆ 106, ವಿರುದ್ಧ 100. ಆ ಹದಿನಾರನ್ನು ನೂರಕ್ಕೆ ಕೂಡಿಸಿ ನೋಡಿ. 116! ಸರ್ಕಾರ ಉಳಿದದ್ದು ಹೇಗೆ ಅಂತ ಬೇರೆ ವಿವರಿಸಬೇಕಾ?

ಇಲ್ಲೊಂದು ಪ್ರಶ್ನೆ ಇದೆ. ಪಕ್ಷವೇ ಇಲ್ಲದವನು ಪಕ್ಷಾಂತರ ಮಾಡೋದು ಹೇಗೆ? 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿ ಪಕ್ಷೇತರರ ಬಗ್ಗೆ ಕಟ್ಟುನಿಟ್ಟಾಗಿದೆ: ಗೆದ್ದ ಮೇಲೆ ಯಾವುದೇ ಪಕ್ಷ ಸೇರಿದರೆ ಸದಸ್ಯತ್ವ ಹೋಯಿತು. ಮಂತ್ರಿಗಳಾಗಿದ್ದಾರೆ, ಶಾಸಕಾಂಗ ಪಕ್ಷದ ಸಭೆಗೂ ಹೋಗಿದ್ದಾರೆ, ಅಂದಮೇಲೆ ಬಿಜೆಪಿ ಸೇರಿದ ಹಾಗೇ ಅನ್ನೋದು ಇವರ ವಿರುದ್ಧದ ವಾದ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಸರ್ಕಾರಕ್ಕೆ ಬೆಂಬಲ ಕೊಟ್ಟು ಮಂತ್ರಿಯಾದ ಮಾತ್ರಕ್ಕೆ ಪಕ್ಷ ಸೇರಿದಂತಲ್ಲ ಎಂದು ಹೇಳಿ ಅನರ್ಹತೆಯನ್ನು ರದ್ದು ಮಾಡಿತು. ಅಷ್ಟರಲ್ಲಿ ಏಳು ತಿಂಗಳು ಕಳೆದಿತ್ತು. ಅಷ್ಟೂ ದಿನ ಹೊಸದುರ್ಗದ ಪರವಾಗಿ ಸದನದಲ್ಲಿ ಕೂರೋಕೆ ಒಬ್ಬರೂ ಇರಲಿಲ್ಲ.

ಮುಂದೇನಾಯ್ತು? 2013ರಲ್ಲಿ ತಂಗಡಗಿ, ಸುಧಾಕರ್, ನರೇಂದ್ರಸ್ವಾಮಿ ಕಾಂಗ್ರೆಸ್ ಟಿಕೆಟ್ ಮೇಲೆ ಗೆದ್ದು ಬಂದರು. ಶೇಖರ್ ಮತ್ತೆ ಪಕ್ಷೇತರರಾಗಿ ನಿಂತು ಕಾಂಗ್ರೆಸ್ಸಿನ ಬಿ.ಜಿ. ಗೋವಿಂದಪ್ಪ ಎದುರು ಸೋತರು. 2018ರಲ್ಲಿ ಅದೇ ಗೋವಿಂದಪ್ಪನವರನ್ನು ಸೋಲಿಸಿದರು. ಯಾವ ಪಕ್ಷದಿಂದ ಗೊತ್ತಾ? ಬಿಜೆಪಿಯಿಂದ! 2023ರಲ್ಲಿ ಆ ಟಿಕೆಟ್ ಕೈತಪ್ಪಿತು, ಮತ್ತೆ ಪಕ್ಷೇತರ, ಮತ್ತೆ ಸೋಲು. ಗೆದ್ದವರು ಅದೇ ಗೋವಿಂದಪ್ಪ.

ಶೇಖರ್ ಸರಿಯೋ ತಪ್ಪೋ ಅಂತ ತೀರ್ಪು ಕೊಡೋದು ನನ್ನ ಕೆಲಸ ಅಲ್ಲ, ಅದನ್ನು ಹೊಸದುರ್ಗದವರು ನಾಲ್ಕು ಸಲ ಕೊಟ್ಟಾಗಿದೆ. ನನ್ನ ಚಿಂತೆ ಬೇರೆ. 2008ರಲ್ಲಿ ಅಲ್ಲಿನ ಮತದಾರ ಯಾವ ಪಕ್ಷವೂ ಬೇಡ ಅಂತ ಒಬ್ಬ ಪಕ್ಷೇತರನನ್ನು ಆರಿಸಿದ. ಆ ಮತ ಸರ್ಕಾರ ಕಟ್ಟೋಕೆ ಬೇಕಾಯ್ತು, ಆಮೇಲೆ ಕೆಡವೋಕೆ ಬೇಕಾಯ್ತು, ಕೊನೆಗೆ ಸರ್ಕಾರ ಉಳಿಸೋಕೆ ಅದನ್ನೇ ಲೆಕ್ಕದಿಂದ ಅಳಿಸಲಾಯ್ತು. ಈ ಮೂರರಲ್ಲಿ ಒಂದು ಸಲವಾದರೂ ಆ ಮತದಾರನನ್ನು ಯಾರಾದರೂ ಕೇಳಿದ್ರಾ?

ಮುಂದಿನ ಸಲ ಆ ದೃಶ್ಯ ತೋರಿಸುವಾಗ ನಾನು ನಗಲ್ಲ. ನೀವೂ ಅಂಗಿ ನೋಡುವ ಮೊದಲು ಆ 116ರ ಲೆಕ್ಕ ಒಮ್ಮೆ ನೆನಪಿಸಿಕೊಳ್ಳಿ.