ಪೇಜ್, ಆ್ಯಲನ್ (1945– )

ಅಮೆರಿಕನ್ ಫುಟ್‌ಬಾಲಿನ ಹೆಸರಾಂತ ರಕ್ಷಣಾ ಆಟಗಾರ; ಮಿನೆಸೋಟ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಮೊದಲ ಆಫ್ರಿಕನ್ ಅಮೆರಿಕನ್ ನ್ಯಾಯಮೂರ್ತಿ. 1967ರಿಂದ 1981ರವರೆಗೆ ನ್ಯಾಷನಲ್ ಫುಟ್‌ಬಾಲ್ ಲೀಗಿನಲ್ಲಿ (ಎನ್‌ಎಫ್‌ಎಲ್) ಮೊದಲು ಮಿನೆಸೋಟ ವೈಕಿಂಗ್ಸ್, ಆಮೇಲೆ ಷಿಕಾಗೊ ಬೇರ್ಸ್ ತಂಡಗಳ ಪರವಾಗಿ ಡಿಫೆನ್ಸಿವ್ ಟ್ಯಾಕಲ್ ಸ್ಥಾನದಲ್ಲಿ ಆಡಿದರು. ಇವರದು ಎರಡು ಬದುಕು, ಮೈದಾನದ್ದು ಮುಗಿದ ಮೇಲೆ ನ್ಯಾಯಾಲಯದ್ದು ಶುರುವಾಯಿತು ಎಂದು ಹೇಳುವುದು ರೂಢಿ. ವಾಸ್ತವದಲ್ಲಿ ಆಟ ಮತ್ತು ಕಾನೂನು ಸುಮಾರು ಹತ್ತು ವರ್ಷ ಜೊತೆಜೊತೆಗೇ ಸಾಗಿದವು. ಆಟಗಾರರ ಹಕ್ಕಿನ ಹೋರಾಟ, ಕಾನೂನು ಕಾಲೇಜಿನ ತರಗತಿ, ಭಾನುವಾರದ ಪಂದ್ಯ ಎಲ್ಲವೂ ಒಂದೇ ಅವಧಿಯವು.

ಬಾಲ್ಯ ಮತ್ತು ಓದು

ಪೇಜ್ ಹುಟ್ಟಿದ್ದು 1945ರ ಆಗಸ್ಟ್ 7ರಂದು, ಓಹಿಯೊ ರಾಜ್ಯದ ಕ್ಯಾಂಟನ್ ನಗರದಲ್ಲಿ. ಅದು ಉಕ್ಕಿನ ಕಾರ್ಖಾನೆಗಳ ಊರು. ಇಂದಿನ ಎನ್‌ಎಫ್‌ಎಲ್‌ನ ಮೂಲ ಸಂಸ್ಥೆ 1920ರಲ್ಲಿ ಸ್ಥಾಪನೆಯಾದದ್ದೂ ಇಲ್ಲಿಯೇ. ಕಾರ್ಖಾನೆಯ ದುಡಿಮೆ ತನಗೆ ಬೇಡ, ವಕೀಲನಾಗಬೇಕು ಎಂಬ ಆಸೆ ಇವರಿಗೆ ಚಿಕ್ಕಂದಿನಲ್ಲೇ ಮೂಡಿತ್ತು. ಟೆಲಿವಿಷನ್ನಿನ ಪೆರಿ ಮೇಸನ್ ಧಾರಾವಾಹಿ ಆ ಆಸೆಗೆ ಇಂಬು ಕೊಟ್ಟಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಹರೆಯದಲ್ಲಿ ಊರಿನ ಒಂದು ಕಟ್ಟಡದ ಕಾಮಗಾರಿಯಲ್ಲಿ ಕೂಲಿ ಕೆಲಸ ಮಾಡಿದರು. 1963ರಲ್ಲಿ ಬಾಗಿಲು ತೆರೆದ ಆ ಕಟ್ಟಡವೇ ವೃತ್ತಿಪರ ಫುಟ್‌ಬಾಲಿನ ಹಾಲ್ ಆಫ್ ಫೇಮ್. ಕಾಲು ಶತಮಾನದ ಬಳಿಕ ಅದೇ ಸಂಸ್ಥೆಯ ಗೌರವಾನ್ವಿತರ ಪಟ್ಟಿಗೆ ಇವರ ಹೆಸರೂ ಸೇರಿತು.

ಇಂಡಿಯಾನಾದ ನಾಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಓದುತ್ತಾ ತರಬೇತುದಾರ ಆರಾ ಪಾರ್ಸೀಗಿಯನ್ ಅವರ ಗರಡಿಯಲ್ಲಿ ಡಿಫೆನ್ಸಿವ್ ಎಂಡ್ ಸ್ಥಾನದಲ್ಲಿ ಪಳಗಿದರು. 1966ರಲ್ಲಿ ಆ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. ಮಿಷಿಗನ್ ಸ್ಟೇಟ್ ವಿರುದ್ಧ 10-10ರಲ್ಲಿ ಸಮವಾಗಿ ಮುಗಿದ, ಕಾಲೇಜು ಫುಟ್‌ಬಾಲಿನಲ್ಲಿ ಇಂದಿಗೂ ಚರ್ಚೆಗೆ ಬರುವ ಪಂದ್ಯ ಅದೇ ವರ್ಷದ್ದು. 1967ರಲ್ಲಿ ಪೇಜ್ ಪದವಿ ಪಡೆದರು. ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ ಅದೇ ವರ್ಷ ವೈಕಿಂಗ್ಸ್ ತಂಡ 15ನೆಯ ಆಯ್ಕೆಯಾಗಿ ಅವರನ್ನು ತೆಗೆದುಕೊಂಡಿತು.

ಸ್ಥಾನ ಮತ್ತು ಆಟದ ರೀತಿ

ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡು ಪಡೆದ ತಂಡಕ್ಕೆ 10 ಗಜ ಮುಂದೆ ಸಾಗಲು ನಾಲ್ಕು ಅವಕಾಶಗಳಿರುತ್ತವೆ. ಪ್ರತಿ ಅವಕಾಶದ ಆರಂಭದಲ್ಲೂ ಎರಡೂ ತಂಡಗಳ ಮುಂಚೂಣಿ ಆಟಗಾರರು ಗೆರೆಯ ಆಚೀಚೆ ಬಾಗಿ ಕೈ ನೆಲಕ್ಕೂರಿ ಎದುರುಬದುರಾಗಿ ನಿಲ್ಲುತ್ತಾರೆ. ಸೆಂಟರ್ ಆಟಗಾರ ಚೆಂಡನ್ನು ಕಾಲುಗಳ ನಡುವೆ ಹಿಂದಕ್ಕೆ ಕೊಟ್ಟೊಡನೆ ಆಟ ಶುರು. ಪೇಜ್ ಕಾಲದ ರೂಢಿಯ ವ್ಯೂಹದಲ್ಲಿ ರಕ್ಷಣೆಯ ಮುಂಚೂಣಿಗೆ ನಾಲ್ವರು: ಹೊರಬದಿಯಲ್ಲಿ ಇಬ್ಬರು ಎಂಡ್‌ಗಳು, ಒಳಬದಿಯಲ್ಲಿ ಇಬ್ಬರು ಟ್ಯಾಕಲ್‌ಗಳು. ಎದುರಾಳಿಯ ಭಾರವನ್ನು ತಡೆದು ಜಾಗ ಬಿಟ್ಟುಕೊಡದಿರುವುದು, ಹಿಂದಿನ ಲೈನ್‌ಬ್ಯಾಕರ್‌ಗಳಿಗೆ ಚೆಂಡು ಹಿಡಿದವನನ್ನು ಕೆಡವಲು ಅನುವು ಮಾಡಿಕೊಡುವುದು ಟ್ಯಾಕಲ್‌ನ ಕೆಲಸವೆಂದು ಭಾವಿಸಲಾಗಿತ್ತು. ಅದಕ್ಕೆ ಬೇಕಾದ್ದು ತೂಕ ಮತ್ತು ತಾಳ್ಮೆ.

ಪೇಜ್ ಸುಮಾರು 245 ಪೌಂಡ್, ಅಂದರೆ 111 ಕಿಲೋ ತೂಗುತ್ತಿದ್ದರು. ಆ ಸ್ಥಾನಕ್ಕೆ ಅದು ಹೆಚ್ಚಿನ ತೂಕವೇನಲ್ಲ. ಅವರ ಬಂಡವಾಳ ಮೊದಲ ಹೆಜ್ಜೆಯ ವೇಗ. ಚೆಂಡು ಕದಲಿದ ಕ್ಷಣದಲ್ಲೇ ಎದುರಿನ ಗಾರ್ಡ್ ಮೈನೆಟ್ಟಗೆ ಮಾಡಿಕೊಳ್ಳುವ ಮೊದಲೇ ಅವನ ಭುಜದ ಪಕ್ಕದ ಸಂದಿನಲ್ಲಿ ನುಗ್ಗಿ, ಚೆಂಡು ಪಡೆದು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಎದುರು ನಿಂತಿರುತ್ತಿದ್ದರು. ಜಾಗ ಕಾಯಬೇಕಾದವನು ಎದುರಾಳಿಯ ಅಂಗಳದಲ್ಲೇ ಆಟ ಕೆಡಿಸುವ ಈ ರೀತಿಯಿಂದ ಒಳಬದಿಯ ಟ್ಯಾಕಲ್ ಆಕ್ರಮಣಕಾರಿಯಾದ.

ಈ ದುಡಿಮೆಯ ಲೆಕ್ಕ ಅಂಕಿಗಳಲ್ಲಿ ಸಿಗುವುದು ಕಡಿಮೆ. ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಗೆರೆಯ ಹಿಂದೆ ಕೆಡವುವುದಕ್ಕೆ ಸ್ಯಾಕ್ ಎನ್ನುತ್ತಾರೆ. ಲೀಗು ಆಟಗಾರರ ಸ್ಯಾಕ್‌ಗಳನ್ನು ಅಧಿಕೃತವಾಗಿ ಎಣಿಸತೊಡಗಿದ್ದು 1982ರಲ್ಲಿ, ಅಂದರೆ ಪೇಜ್ ನಿವೃತ್ತರಾದ ಮರುವರ್ಷ. ಹಾಗಾಗಿ ಅಧಿಕೃತ ದಾಖಲೆಯಲ್ಲಿ ಅವರ ಹೆಸರಿನಲ್ಲಿ ಒಂದು ಸ್ಯಾಕೂ ಇಲ್ಲ. ಹಳೆಯ ಪಂದ್ಯಗಳ ದಾಖಲೆಗಳನ್ನು ಕೆದಕಿದ ಸಂಶೋಧಕರು ಕೊಡುವ ಲೆಕ್ಕ 148.5, ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ ಸಲ್ಲುತ್ತದೆ. ಇದಲ್ಲದೆ ಎದುರಾಳಿಗಳು ಕೈಬಿಟ್ಟ ಚೆಂಡನ್ನು 23 ಬಾರಿ ವಶಪಡಿಸಿಕೊಂಡರು, 28 ಒದೆತಗಳನ್ನು ತಡೆದರು. ಈ ದುಡಿಮೆಯ ಗುರುತು ಅವರ ಕಿರುಬೆರಳಿನಲ್ಲಿ ಉಳಿದಿದೆ. ಆಟದಲ್ಲಿ ಕೀಲು ತಪ್ಪಿದ ಆ ಬೆರಳು ಹಸ್ತದಿಂದ ಹೊರಕ್ಕೆ ಹೆಚ್ಚುಕಡಿಮೆ ಲಂಬಕೋನದಲ್ಲಿ ಚಾಚಿಕೊಂಡಿದೆ. ಮಗಳು ಕಾಮಿ ಪೇಜ್ ಜೊತೆ 2013ರಲ್ಲಿ ಬರೆದ ಮಕ್ಕಳ ಪುಸ್ತಕಕ್ಕೆ ಈ ಬೆರಳೇ ವಸ್ತು.

ವೈಕಿಂಗ್ಸ್ ವರ್ಷಗಳು

ಪೇಜ್ ಬಂದ ವರ್ಷವೇ ಬಡ್ ಗ್ರಾಂಟ್ ವೈಕಿಂಗ್ಸ್ ತಂಡದ ಮುಖ್ಯ ತರಬೇತುದಾರರಾದರು. ಕಾಲೇಜಿನಲ್ಲಿ ಎಂಡ್ ಆಗಿದ್ದ ಪೇಜ್ ಇಲ್ಲಿ ಬಲ ಟ್ಯಾಕಲ್ ಆದರು. ಕಾರ್ಲ್ ಎಲ್ಲರ್, ಗ್ಯಾರಿ ಲಾರ್ಸೆನ್, ಜಿಮ್ ಮಾರ್ಷಲ್ ಜೊತೆಗಿನ ಈ ನಾಲ್ವರ ಸಾಲಿಗೆ ತಂಡದ ನೇರಳೆ ಅಂಗಿಯ ದೆಸೆಯಿಂದ ‘ಪರ್ಪಲ್ ಪೀಪಲ್ ಈಟರ್ಸ್’ ಎಂಬ ಅಡ್ಡಹೆಸರು ಬಿತ್ತು. 1969ರ ಋತುವಿನ 14 ಪಂದ್ಯಗಳಲ್ಲಿ ವೈಕಿಂಗ್ಸ್ ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು ಒಟ್ಟು 133 ಅಂಕ ಮಾತ್ರ. 1970ರ ಜನವರಿ 4ರಂದು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡವನ್ನು 27-7ರಿಂದ ಸೋಲಿಸಿ ಎನ್‌ಎಫ್‌ಎಲ್ ಪ್ರಶಸ್ತಿ ಗೆದ್ದಿತು.

ಅದರಾಚೆಯ ಅಂತಿಮ ಪ್ರಶಸ್ತಿ ಪಂದ್ಯವಾದ ಸೂಪರ್ ಬೌಲ್ ಮಾತ್ರ ಕೈಗೆಟುಕಲಿಲ್ಲ. ನಾಲ್ಕು ಬಾರಿ ಅಲ್ಲಿಗೆ ತಲುಪಿದ ತಂಡ ನಾಲ್ಕೂ ಬಾರಿ ಸೋತಿತು: 1970ರಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್‌ಗೆ (23-7), 1974ರಲ್ಲಿ ಮಯಾಮಿ ಡಾಲ್ಫಿನ್ಸ್‌ಗೆ (24-7), 1975ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್‌ಗೆ (16-6), 1977ರಲ್ಲಿ ಓಕ್‌ಲ್ಯಾಂಡ್ ರೈಡರ್ಸ್‌ಗೆ (32-14).

1968ರಿಂದ 1976ರವರೆಗೆ ಸತತ ಒಂಬತ್ತು ಬಾರಿ ಪೇಜ್ ಲೀಗಿನ ತಾರಾ ಆಟಗಾರರ ಪ್ರೊ ಬೌಲ್ ಪಂದ್ಯಕ್ಕೆ ಆಯ್ಕೆಯಾದರು. 1971ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆ ಲೀಗಿನ ಅತ್ಯಮೂಲ್ಯ ಆಟಗಾರನೆಂದು ಅವರನ್ನು ಹೆಸರಿಸಿತು. ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್‌ಗಳಿಗೆ, ಓಟಗಾರರಿಗೆ ಸಲ್ಲುವ ಈ ಪ್ರಶಸ್ತಿ ರಕ್ಷಣಾ ಆಟಗಾರನೊಬ್ಬನಿಗೆ ದೊರೆತದ್ದು ಅದೇ ಮೊದಲು. ಆ ಬಳಿಕ ಇದನ್ನು ಪಡೆದ ರಕ್ಷಣಾ ಆಟಗಾರ ಲಾರೆನ್ಸ್ ಟೇಲರ್ (1986) ಒಬ್ಬರೇ.

ಆಟಗಾರರ ಸಂಘ ಮತ್ತು ಕಾನೂನು ವ್ಯಾಸಂಗ

1970ರಲ್ಲಿ ಪೇಜ್ ಆಟಗಾರರ ಸಂಘದಲ್ಲಿ ತಮ್ಮ ತಂಡದ ಪ್ರತಿನಿಧಿಯಾದರು. 1972ರಿಂದ 1975ರವರೆಗೆ ಸಂಘದ ಕಾರ್ಯಕಾರಿ ಸಮಿತಿಯಲ್ಲಿದ್ದರು. ಆಗ ಲೀಗಿನಲ್ಲಿ ‘ರೋಜೆಲ್ ನಿಯಮ’ ಜಾರಿಯಲ್ಲಿತ್ತು. ಗುತ್ತಿಗೆ ಮುಗಿದ ಆಟಗಾರ ಬೇರೆ ತಂಡ ಸೇರಿದರೆ ಹಳೆಯ ತಂಡಕ್ಕೆ ಹೊಸ ತಂಡ ಪರಿಹಾರ ಕೊಡಬೇಕು. ಒಮ್ಮತ ಮೂಡದಿದ್ದರೆ ಲೀಗಿನ ಕಮಿಷನರ್ ಪೀಟ್ ರೋಜೆಲ್ ಹೇಳಿದ್ದೇ ಅಂತಿಮ. ಎಷ್ಟು ತೆರಬೇಕಾದೀತೋ ಎಂಬ ಅಳುಕಿನಿಂದ ತಂಡಗಳು ಇಂಥ ಆಟಗಾರರ ಗೋಜಿಗೆ ಹೋಗುತ್ತಿರಲಿಲ್ಲ. ಗುತ್ತಿಗೆ ಮುಗಿದರೂ ಆಟಗಾರನ ಕಟ್ಟು ಬಿಚ್ಚುತ್ತಿರಲಿಲ್ಲ.

1974ರಲ್ಲಿ ಆಟಗಾರರು ಮುಷ್ಕರ ಹೂಡಿದರೂ ಫಲ ಸಿಗಲಿಲ್ಲ. ನ್ಯಾಯಾಲಯದಲ್ಲಿ ಸಿಕ್ಕಿತು. ಜಾನ್ ಮ್ಯಾಕಿ ಮೊದಲಾದವರು ಮಿನಿಯಾಪೊಲಿಸ್ಸಿನ ಫೆಡರಲ್ ನ್ಯಾಯಾಲಯದಲ್ಲಿ ಹೂಡಿದ್ದ ದಾವೆಯಲ್ಲಿ ಪೇಜ್ ಕೂಡ ಒಬ್ಬ ವಾದಿ. 1975ರ ಡಿಸೆಂಬರ್ 30ರಂದು ನ್ಯಾಯಾಧೀಶ ಅರ್ಲ್ ಲಾರ್ಸನ್ ಈ ನಿಯಮ ಏಕಸ್ವಾಮ್ಯ ವಿರೋಧಿ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತರು. ಮೇಲ್ಮನವಿ ನ್ಯಾಯಾಲಯವೂ 1976ರಲ್ಲಿ ನಿಯಮ ಅಕ್ರಮವೆಂಬುದನ್ನು ಎತ್ತಿಹಿಡಿಯಿತು.

ಇದೇ ಹೊತ್ತಿನಲ್ಲಿ ಪೇಜ್ ಮಿನೆಸೋಟ ವಿಶ್ವವಿದ್ಯಾಲಯದ ಕಾನೂನು ಕಾಲೇಜಿಗೆ ಸೇರಿದ್ದರು. ವೃತ್ತಿ ಆಟಗಾರರಾದ ಆರಂಭದಲ್ಲಿ ಮತ್ತೊಂದು ಕಾನೂನು ಕಾಲೇಜಿಗೆ ಸೇರಿ ಕೆಲವೇ ವಾರಗಳಲ್ಲಿ ಬಿಟ್ಟಿದ್ದ ಓದು ಇದು. ಈ ಬಾರಿ ಆಡುತ್ತಲೇ ಓದು ಪೂರೈಸಿ 1978ರಲ್ಲಿ ಪದವಿ ಪಡೆದರು.

ತೂಕದ ಪ್ರಶ್ನೆ ಮತ್ತು ಷಿಕಾಗೊ

ಪತ್ನಿ ಡಯಾನ್ ಧೂಮಪಾನ ಬಿಡುವ ಸಲುವಾಗಿ ಓಡಲು ಶುರುಮಾಡಿದಾಗ ಪೇಜ್ ಜೊತೆಯಾದರು. ದೂರದ ಓಟ ಅವರಿಗೆ ಹಿಡಿಸಿತು. 1979ರಲ್ಲಿ ಪೂರ್ಣ ಮ್ಯಾರಥಾನ್ ಓಡಿ, ಆಟದಲ್ಲಿರುವಾಗಲೇ ಆ ಸಾಧನೆ ಮಾಡಿದ ಮೊದಲ ಎನ್‌ಎಫ್‌ಎಲ್ ಆಟಗಾರ ಎನಿಸಿದರು. ಆದರೆ ಅದಕ್ಕೂ ಮೊದಲೇ, ಓಡಿದಂತೆ ಮೈ ಇಳಿದು ತೂಕ 225 ಪೌಂಡಿನ ಆಸುಪಾಸಿಗೆ ಬಂದಿತ್ತು. ಮುಂಚೂಣಿಯ ಆಟಗಾರನಿಗೆ ಅದು ಸಾಲದೆಂಬುದು ಗ್ರಾಂಟ್ ಅವರ ನಿಲುವು. 1978ರ ಅಕ್ಟೋಬರಿನಲ್ಲಿ, ಋತುವಿನ ಆರು ಪಂದ್ಯಗಳಾದ ಮೇಲೆ, ವೈಕಿಂಗ್ಸ್ ಅವರನ್ನು ಕೈಬಿಟ್ಟಿತು. ಷಿಕಾಗೊ ಬೇರ್ಸ್ ಬರೀ 100 ಡಾಲರ್ ಶುಲ್ಕ ಕಟ್ಟಿ ಅವರನ್ನು ಪಡೆಯಿತು.

ತೂಕದ ವಾದಕ್ಕೆ ಷಿಕಾಗೊದಲ್ಲಿ ಉತ್ತರ ದೊರೆಯಿತು. ಅಲ್ಲಿ ಆಡಿದ 58 ಪಂದ್ಯಗಳಲ್ಲಿ ಪೇಜ್ ಗಳಿಸಿದ ಸ್ಯಾಕ್‌ಗಳು 40. ವೈಕಿಂಗ್ಸ್ ಪರವಾಗಿ 160 ಪಂದ್ಯಗಳಲ್ಲಿ ಗಳಿಸಿದ್ದು 108.5. ಅಂದರೆ ಮೈ ಇಳಿದ ಮೇಲೂ ಪಂದ್ಯಕ್ಕಿಷ್ಟು ಎಂಬ ಸರಾಸರಿ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. 1979ರಿಂದ ಋತುವಿನ ಬಿಡುವಿನಲ್ಲಿ ಮಿನಿಯಾಪೊಲಿಸ್ಸಿನ ವಕೀಲರ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದರು. 1981ರಲ್ಲಿ ಆಟ ನಿಲ್ಲಿಸಿದಾಗ 15 ಋತುಗಳಲ್ಲಿ, ಒಂದನ್ನೂ ತಪ್ಪಿಸದೆ, 218 ಪಂದ್ಯಗಳನ್ನು ಆಡಿ ಮುಗಿಸಿದ್ದರು.

ನ್ಯಾಯಾಂಗದಲ್ಲಿ

1985ರಲ್ಲಿ ಮಿನೆಸೋಟದ ಅಟಾರ್ನಿ ಜನರಲ್ ಕಚೇರಿ ಸೇರಿದರು. ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳನ್ನು ಆರಿಸುವುದು ಮತದಾರರು. ಆದರೆ ಪೀಠದಲ್ಲಿದ್ದವರು ಅವಧಿಯ ನಡುವೆ ಕೆಳಗಿಳಿದು, ರಾಜ್ಯಪಾಲರು ಆ ಸ್ಥಾನವನ್ನು ತುಂಬುವುದೇ ವಾಡಿಕೆಯಾಗಿತ್ತು. 1992ರಲ್ಲಿ ಪೇಜ್ ಸ್ಪರ್ಧಿಸಲು ಬಯಸಿದ್ದ ಸ್ಥಾನದ ನ್ಯಾಯಮೂರ್ತಿಯ ಅವಧಿಯನ್ನು ರಾಜ್ಯಪಾಲ ಆರ್ನಿ ಕಾರ್ಲ್ಸನ್ ವಿಸ್ತರಿಸಿದಾಗ ಚುನಾವಣೆಯೇ ಇಲ್ಲವಾಯಿತು. ಪೇಜ್ ದಾವೆ ಹೂಡಿದರು. ಬದಲಿ ನ್ಯಾಯಾಧೀಶರ ಪೀಠ ಅವರ ಪರವಾಗಿ ತೀರ್ಪು ಕೊಟ್ಟಿತು. ಚುನಾವಣೆ ನಡೆದು ಪೇಜ್ ಗೆದ್ದರು. 1993ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡರು. 1998, 2004 ಮತ್ತು 2010ರಲ್ಲಿ ಮರುಆಯ್ಕೆಯಾದರು.

2008ರ ಸೆನೆಟ್ ಚುನಾವಣೆಯಲ್ಲಿ ನಾರ್ಮ್ ಕೋಲ್ಮನ್ ಮತ್ತು ಅಲ್ ಫ್ರಾಂಕನ್ ನಡುವಿನ ಮತ ಎಣಿಕೆಯ ವಿವಾದ ನ್ಯಾಯಾಲಯಕ್ಕೆ ಬಂದಾಗ, ಮುಖ್ಯ ನ್ಯಾಯಮೂರ್ತಿ ಮರುಎಣಿಕೆ ಮಂಡಳಿಯಲ್ಲಿ ಇದ್ದುದರಿಂದ ಹೊಣೆ ಪೇಜ್ ಅವರಿಗೆ ಬಂತು. ವಿಚಾರಣೆಗೆ ಮೂವರು ನ್ಯಾಯಾಧೀಶರನ್ನು ನೇಮಿಸಿದರು. ಬಳಿಕ ಮೇಲ್ಮನವಿಯ ಪೀಠಕ್ಕೂ ಅವರದೇ ಅಧ್ಯಕ್ಷತೆ. 312 ಮತಗಳ ಅಂತರದ ಫಲಿತಾಂಶವನ್ನು ಆ ಪೀಠ 2009ರ ಜೂನ್ 30ರಂದು ಒಮ್ಮತದಿಂದ ಎತ್ತಿಹಿಡಿಯಿತು. 70ರ ಕಡ್ಡಾಯ ವಯೋಮಿತಿ ತಲುಪಿ 2015ರ ಆಗಸ್ಟಿನಲ್ಲಿ ಪೇಜ್ ನಿವೃತ್ತರಾದರು.

ಶಿಕ್ಷಣ ಕಾರ್ಯ ಮತ್ತು ಗೌರವಗಳು

1988ರಲ್ಲಿ ಹಾಲ್ ಆಫ್ ಫೇಮ್ ಗೌರವ ಬಂದಾಗ ತಮ್ಮನ್ನು ಸಭೆಗೆ ಪರಿಚಯಿಸಲು ಪೇಜ್ ಆರಿಸಿಕೊಂಡದ್ದು ಮಿನಿಯಾಪೊಲಿಸ್ಸಿನ ಪ್ರೌಢಶಾಲೆಯೊಂದರ ಮುಖ್ಯಸ್ಥೆ ವಿಲ್ಲರೀನ್ ಬೀಸ್ಲಿ ಅವರನ್ನು. ತಮ್ಮ ಭಾಷಣದಲ್ಲೂ ಶಿಕ್ಷಣಕ್ಕೇ ಒತ್ತು ಕೊಟ್ಟರು. ಅದೇ ವರ್ಷ ದಂಪತಿ ಸ್ಥಾಪಿಸಿದ ಪೇಜ್ ಎಜುಕೇಷನ್ ಫೌಂಡೇಷನ್‌ನ ವಿದ್ಯಾರ್ಥಿವೇತನಕ್ಕೆ ಒಂದು ಷರತ್ತಿದೆ: ಪಡೆದವರು ತಮಗಿಂತ ಕಿರಿಯ ಮಕ್ಕಳ ಓದಿಗೆ ನೆರವಾಗಬೇಕು. ಪೇಜ್ ತೊಡುತ್ತಿದ್ದ 88ನೆಯ ಸಂಖ್ಯೆಯನ್ನು ವೈಕಿಂಗ್ಸ್ ತಂಡ ಬೇರೆ ಯಾರಿಗೂ ಕೊಡದೆ ಕಾಯ್ದಿರಿಸಿತು. 2017ರಲ್ಲಿ ಮಿನಿಯಾಪೊಲಿಸ್ಸಿನ ಶಾಲೆಯೊಂದಕ್ಕೆ ಇವರ ಹೆಸರಿಡಲಾಯಿತು. ಡಯಾನ್ ತೀರಿಕೊಂಡ 2018ರಲ್ಲಿಯೇ ಪೇಜ್ ಅವರಿಗೆ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ ಪ್ರದಾನವಾಯಿತು.

2020ರಲ್ಲಿ ಮಿನಿಯಾಪೊಲಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ ಅಧ್ಯಕ್ಷ, ಭಾರತೀಯ ಮೂಲದ ನೀಲ್ ಕಾಶ್ಕರಿ ಜೊತೆ ಸೇರಿ ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿಯೊಂದನ್ನು ಸೂಚಿಸಿದರು. ‘ಪೇಜ್ ತಿದ್ದುಪಡಿ’ ಎಂದು ಹೆಸರಾದ ಇದರ ತಿರುಳು, ಗುಣಮಟ್ಟದ ಸಾರ್ವಜನಿಕ ಶಿಕ್ಷಣ ಪ್ರತಿ ಮಗುವಿನ ಮೂಲಭೂತ ಹಕ್ಕಾಗಬೇಕು ಎಂಬುದು.