ತಾತನ ಲೋಟ

ನಮ್ಮ ತಾತನಿಗೆ ಕ್ಷಯ ಇದ್ದದ್ದು ಅಜ್ಜಿ ಒಬ್ಬಳಿಗೇ ಗೊತ್ತಿತ್ತು. 1970ರ ಸುಮಾರಿನ ಮಾತು. ಮಕ್ಕಳಿಗೂ ಮೈದುನಂದಿರಿಗೂ "ದಮ್ಮು ಕಣ್ರೋ" ಅಂತಿದ್ದಳು. ಎಲ್ಲರೂ ಮಲಗಿದ ಮೇಲೆ ತಾತನ ಲೋಟವನ್ನು ಬೂದಿ ಹಾಕಿ ತಿಕ್ಕಿ, ಕುದಿಯುವ ನೀರಿಗೆ ಅದ್ದಿ, ಬೆಳಗ್ಗೆ ಎಲ್ಲರ ಲೋಟದ ಜೊತೆಗೇ ಇಡುತ್ತಿದ್ದಳು. ಯಾಕಜ್ಜಿ ಮುಚ್ಚಿಟ್ಟೆ ಅಂದರೆ ಅವಳದ್ದು ಒಂದೇ ಮಾತು: "ಹೋಟ್ಲಲ್ಲಿ ನಮ್ಗೆ ಬ್ಯಾರೆ ಲೋಟ ಮಡಗಿದ್ರು. ಮನೇಲೂ ಮಡಗಬೇಕಿತ್ತಾ?"

ಕ್ಷಯದ ಚರಿತ್ರೆ ಬರೆಯುವವರು ಲೋಟದಿಂದ ಶುರುಮಾಡುವುದಿಲ್ಲ. 1882ರಲ್ಲಿ ಕೋಕ್ ರೋಗಾಣು ಕಂಡುಹಿಡಿದ, 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿತು ಅನ್ನುತ್ತಾರೆ. ಅದಕ್ಕೂ ಮುಂಚೆ ಇದ್ದ ಮದ್ದು ಸ್ಯಾನಿಟೋರಿಯಂ: ಒಳ್ಳೇ ಗಾಳಿ, ಹಾಲು, ಮೊಟ್ಟೆ, ತಿಂಗಳುಗಟ್ಟಲೆ ವಿಶ್ರಾಂತಿ. ಕೂಲಿಯವನಿಗೆ ವಿಶ್ರಾಂತಿ ಅಂದರೆ ಉಪವಾಸ. ರೋಗದ ಹೆಸರು ಹೇಳಿದರೆ ಕೂಲಿ ಹೋಯಿತು, ಮಗಳ ಮದುವೆ ನಿಂತಿತು.

ಮದರಾಸಿನಲ್ಲಿ 1950ರ ದಶಕದಲ್ಲಿ ಬಡ ರೋಗಿಗಳನ್ನು ಎರಡು ಪಾಲು ಮಾಡಿ, ಅರ್ಧ ಜನಕ್ಕೆ ಸ್ಯಾನಿಟೋರಿಯಂನಲ್ಲಿ, ಅರ್ಧ ಜನಕ್ಕೆ ಅವರವರ ಇಕ್ಕಟ್ಟಿನ ಮನೆಯಲ್ಲೇ ಔಷಧ ಕೊಟ್ಟು ನೋಡಿದರು. 1959ರಲ್ಲಿ ಫಲಿತಾಂಶ ಬಂತು. ಮನೆಯಲ್ಲಿದ್ದವರೂ ಹೆಚ್ಚುಕಮ್ಮಿ ಅಷ್ಟೇ ಗುಣವಾಗಿದ್ದರು. ಅವರಿಂದ ಮನೆಮಂದಿಗೆ ಹೆಚ್ಚಿನ ಅಪಾಯವೂ ಆಗಿರಲಿಲ್ಲ. ಮಾತ್ರೆ ಸಿಕ್ಕರೆ ರೋಗಿಯನ್ನು ಮನೆಯಿಂದ ಆಚೆಗೆ ಹಾಕಬೇಕಿರಲಿಲ್ಲ!

ಹಳ್ಳಿಯವರು ಅಜ್ಞಾನಿಗಳು, ರೋಗ ಮುಚ್ಚಿಡುತ್ತಾರೆ ಅಂತ ಬೈಯುವುದು ಸುಲಭ. ಬೆಂಗಳೂರಿನಲ್ಲಿ 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಆಂಡರ್ಸನ್ ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲೇ ವಿಚಾರಿಸಿದರು. 1963ರಲ್ಲಿ ಅದು ಅಚ್ಚಾಯಿತು. ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ತಾವಾಗಿಯೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಹೋದವರಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಕೆಮ್ಮಿನ ಔಷಧಿಯ ಬಾಟ್ಲಿ.

ತಾತನೂ ಹೋಗಿದ್ದ. ಎರಡು ಸಲ ಬಾಟ್ಲಿ ಹಿಡಿದು ಬಂದ. ಮೂರನೇ ಸಲ ರೋಗದ ಹೆಸರು ಗೊತ್ತಾಯಿತು; ಅದನ್ನು ಅಜ್ಜಿ ಸೆರಗಿಗೆ ಕಟ್ಟಿಕೊಂಡು ಬಂದಳು.

ಅಜ್ಜಿ ಮಾಡಿದ್ದು ಸರಿ ಅಂತ ನಾನು ಹೇಳಲಾರೆ. ಮುಚ್ಚಿಟ್ಟ ಮನೆಯಲ್ಲಿ ಮಕ್ಕಳ ಎದೆ ಪರೀಕ್ಷೆ ಯಾರು ಮಾಡಿಸುತ್ತಾರೆ? ದೊಡ್ಡಪ್ಪನೂ ಕೆಮ್ಮಿ ಕೆಮ್ಮಿಯೇ ಹೋದ. ಈ ರೋಗ ಲೋಟದಿಂದ ಅಂಟುವುದಿಲ್ಲ, ಕೆಮ್ಮಿದ ಗಾಳಿಯಿಂದ ಅಂಟುತ್ತದೆ. ನಮ್ಮ ಗುಡಿಸಲಿಗೆ ಕಿಟಕಿಯೇ ಇರಲಿಲ್ಲ.

ಇದನ್ನೆಲ್ಲ ಓದಿ ಹೇಳಿದಾಗ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಹಂಗಾರೆ ನಾನು ಅಷ್ಟು ವರ್ಸ ಲೋಟ ತಿಕ್ಕಿದ್ದು ದಂಡವಾ ಮಗ?"